ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಕಿಡಿ ಬಾರದಿದ್ದರೆ

ನಮ್ಮ ಹಳ್ಳಿಗಳಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳು ಇನ್ನೂ ಮೂಲೆ ಸೇರಿಲ್ಲ. ಬೆಳಗಿನ ಜಾವ ಹಾಲಿನ ಕ್ಯಾನು ಡೈರಿಗೆ ಹೋಗಬೇಕು, ಬಿತ್ತನೆಯ ದಿನ ಪೇಟೆಯಿಂದ ಬೀಜ ಬರಬೇಕು, ಸರಿರಾತ್ರಿಯಲ್ಲಿ ಕರೆಂಟು ಬಂದರೆ ಪಂಪ್‌ಸೆಟ್ಟು ಹಾಕಲು ತೋಟಕ್ಕೆ ಓಡಬೇಕು. ಈ ಕೆಲಸಗಳನ್ನೆಲ್ಲ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳೂ ಹಳೆಯ ಬುಲೆಟ್ಟುಗಳೂ ಎಷ್ಟೋ ಮನೆಗಳಲ್ಲಿ ಇಂದಿಗೂ ಮಾಡುತ್ತಿವೆ. ಇಂತಹ ಗಾಡಿ ಒಂದು ದಿನ ಇದ್ದಕ್ಕಿದ್ದಂತೆ ಚಾಲೂ ಆಗದೆ ನಿಂತರೆ ಆ ದಿನದ ಹಾಲು ಕೆಡುತ್ತದೆ, ಬಿತ್ತನೆಯ ಹದ ತಪ್ಪುತ್ತದೆ. ಹೀಗೆ ನಿಲ್ಲುವುದಕ್ಕೆ ಕಾರಣ ಬಹುಮಟ್ಟಿಗೆ ಕಿಡಿಯ ವ್ಯವಸ್ಥೆಯಲ್ಲಿಯೇ ಇರುತ್ತದೆ. ಅದನ್ನು ಪತ್ತೆ ಮಾಡಲು ಬೇಕಾಗುವ ಸಲಕರಣೆ ಒಂದು ಸಣ್ಣ ಬಲ್ಬು, ಎರಡು ಮೊಳ ತಂತಿ, ಒಂದು ಪ್ಲಗ್ ಸ್ಪ್ಯಾನರ್ ಮತ್ತು ಸ್ವಲ್ಪ ತಾಳ್ಮೆ.

ಬೇಸಾಯ ಶಾಸ್ತ್ರದವರಿಗೆ ಮೋಟಾರ್ ಸೈಕಲ್ಲಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಬೆಳೆಯ ಎಲೆ ಹಳದಿಯಾದೊಡನೆ ಯೂರಿಯಾ ಎರಚುವುದು ನಮ್ಮಲ್ಲಿ ಸಾಮಾನ್ಯ. ಆದರೆ ಹಳದಿಗೆ ಸಾರಜನಕದ ಕೊರತೆಯಲ್ಲದೆ ಕಬ್ಬಿಣದ ಕೊರತೆ, ನೀರು ನಿಲ್ಲುವುದು, ಬೇರುಹುಳು ಹೀಗೆ ಹಲವು ಕಾರಣಗಳಿವೆ. ಕೆಳಗಿನ ಹಳೆಯ ಎಲೆ ಹಳದಿಯೋ, ಮೇಲಿನ ಎಳೆಯ ಎಲೆ ಹಳದಿಯೋ ಎಂದು ನೋಡಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಗಾಡಿಯ ವಿಷಯವೂ ಹೀಗೆಯೇ. ಕಿಡಿ ಬರಲಿಲ್ಲವೆಂದು ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾಯಿಲ್ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಗುರಿಯಿಲ್ಲದೆ ಔಷಧಿ ಸಿಂಪಡಿಸಿದಂತೆ. ಹಣ ಹೋಗುತ್ತದೆ, ದೋಷ ಯಾವುದೆಂದು ಗೊತ್ತಾಗುವುದೂ ಇಲ್ಲ.

ಇಲ್ಲಿ ಹೇಳಿರುವುದು ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟುಗಳಿರುವ ಹಳೆಯ ಗಾಡಿಗಳ ವಿಷಯ ಮಾತ್ರ. 2018ರಲ್ಲಿ ಜಾವಾ ಹೆಸರಿನಲ್ಲಿಯೂ 2022ರಲ್ಲಿ ಯೆಜ್ಡಿ ಹೆಸರಿನಲ್ಲಿಯೂ ಹೊಸದಾಗಿ ಬಂದ ಗಾಡಿಗಳಿಗೆ ಇದು ಅನ್ವಯಿಸುವುದಿಲ್ಲ. ಹಳೆಯ ಗಾಡಿಗೆ 12 ವೋಲ್ಟಿನ ಎಲೆಕ್ಟ್ರಾನಿಕ್ ಜೋಡಣೆ ಮಾಡಿಸಿಕೊಂಡವರೂ ಕೆಳಗಿನ ಬಲ್ಬಿನ ಪರೀಕ್ಷೆಯನ್ನು ಮಾಡಬಾರದು.

ಕಿಡಿ ಹುಟ್ಟುವ ಬಗೆ

ಬ್ಯಾಟರಿಯಲ್ಲಿರುವುದು ಕೇವಲ 6 ವೋಲ್ಟ್. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಹಲವು ಸಾವಿರ ವೋಲ್ಟ್ ಬೇಕು. ಇದು ಹೇಗೆ ಸಾಧ್ಯ ಎಂಬುದನ್ನು ತಿಳಿಯಲು ನಿಮ್ಮ ಪಂಪ್‌ಸೆಟ್ಟನ್ನೇ ನೆನೆಯಿರಿ. ಪೈಪಿನಲ್ಲಿ ನೀರು ರಭಸದಿಂದ ಏರುತ್ತಿರುವಾಗ ಕರೆಂಟು ಹೋದರೆ ಪೈಪು 'ದಡ್' ಎಂದು ಅದುರುತ್ತದೆ. ಹರಿಯುತ್ತಿದ್ದ ನೀರನ್ನು ಇದ್ದಕ್ಕಿದ್ದಂತೆ ತಡೆದಾಗ ಕ್ಷಣಮಾತ್ರ ಬಹಳ ಹೆಚ್ಚಿನ ಒತ್ತಡ ಉಂಟಾಗುವುದೇ ಇದಕ್ಕೆ ಕಾರಣ. ಕಾಯಿಲ್ಲಿನಲ್ಲಿ ನಡೆಯುವುದೂ ಇದೇ.

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸ್ ದಾಟಿ, ಕೀಲಿಯ ಸ್ವಿಚ್ಚಿನ ಮೂಲಕ ಕಾಯಿಲ್ಲಿನ ದಪ್ಪ ಸುರುಳಿಗೆ ಬಂದು, ಅಲ್ಲಿಂದ ಪಾಯಿಂಟುಗಳಿಗೆ ಇಳಿದು ಎಂಜಿನ್ನಿನ ಮೈಗೆ, ಅಂದರೆ ಅರ್ತ್‌ಗೆ ಸೇರುತ್ತದೆ. ಪಾಯಿಂಟುಗಳು ಕೂಡಿಕೊಂಡಿರುವಷ್ಟು ಹೊತ್ತು ಕಾಯಿಲ್ಲಿನೊಳಗೆ ಕಾಂತಶಕ್ತಿ ತುಂಬುತ್ತದೆ. ಕ್ಯಾಮ್ ತಿರುಗಿ ಪಾಯಿಂಟುಗಳನ್ನು ಬಿಡಿಸಿದ ಕ್ಷಣದಲ್ಲಿ ಹರಿವು ತಟ್ಟನೆ ನಿಂತು ಕಾಂತಶಕ್ತಿ ಕುಸಿಯುತ್ತದೆ. ಆಗ ಅದೇ ಕಾಯಿಲ್ಲಿನಲ್ಲಿರುವ ಸಾವಿರಾರು ಸುತ್ತಿನ ಸಣ್ಣ ತಂತಿಯಲ್ಲಿ ಅಧಿಕ ವೋಲ್ಟೇಜ್ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಅಂದರೆ ಕಿಡಿ ಬರುವುದು ಪಾಯಿಂಟು ಕೂಡಿದಾಗ ಅಲ್ಲ, ಬಿಟ್ಟಾಗ. ಈ ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಂಡರೆ ಮುಂದಿನದೆಲ್ಲ ಸುಲಭ.

ಕಂಡೆನ್ಸರಿನ ಕೆಲಸವೇನು? ಪಾಯಿಂಟುಗಳು ಬಿಡುವಾಗ ವಿದ್ಯುತ್ತು ಅವುಗಳ ನಡುವೆಯೇ ಕಿಡಿಯಾಗಿ ಹಾರಲು ನೋಡುತ್ತದೆ. ಹಾಗಾದರೆ ಹರಿವು ತಟ್ಟನೆ ನಿಲ್ಲುವುದಿಲ್ಲ, ಪಾಯಿಂಟಿನ ಮುಖವೂ ಸುಡುತ್ತದೆ. ಕಂಡೆನ್ಸರ್ ಆ ವಿದ್ಯುತ್ತನ್ನು ತನ್ನೊಳಗೆ ಎಳೆದುಕೊಂಡು ಹರಿವು ಚುರುಕಾಗಿ ನಿಲ್ಲುವಂತೆ ಮಾಡುತ್ತದೆ. ಹೆಬ್ಬೆರಳಿನಷ್ಟಿರುವ ಈ ಡಬ್ಬಿ ಕೆಟ್ಟರೆ ಒಳ್ಳೆಯ ಕಾಯಿಲ್ಲೂ ಹೊಸ ಪ್ಲಗ್ಗೂ ನಿಷ್ಪ್ರಯೋಜಕ.

ಮೊದಲು ಪೆಟ್ರೋಲೋ, ಕಿಡಿಯೋ?

ಹತ್ತಾರು ಸಲ ಕಿಕ್ ಹೊಡೆದ ಮೇಲೂ ಗಾಡಿ ಚಾಲೂ ಆಗದಿದ್ದರೆ ಪ್ಲಗ್ ಬಿಚ್ಚಿ ನೋಡಬೇಕು. ತುದಿ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಕಾಕ್, ಕಾರ್ಬುರೇಟರ್, ಜೆಟ್ಟುಗಳ ಕಡೆ ಗಮನ ಕೊಡಬೇಕು. ತುದಿ ಒದ್ದೆಯಾಗಿದ್ದು ಪೆಟ್ರೋಲಿನ ವಾಸನೆ ಬಂದರೆ ಕಿಡಿಯ ಮೇಲೆ ಅನುಮಾನ ಪಡಬೇಕು. ಆದರೆ ಇಷ್ಟರಿಂದಲೇ ತೀರ್ಮಾನಕ್ಕೆ ಬರಬಾರದು. ಚೋಕ್ ಹಾಕಿ ಬಹಳ ಹೊತ್ತು ಒದ್ದಿದ್ದರೆ ಕಿಡಿ ಸರಿಯಾಗಿದ್ದರೂ ಪ್ಲಗ್ ಒದ್ದೆಯಾಗುತ್ತದೆ. ಹೀಗಾದಾಗ ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಇಲ್ಲದೆ ಐದಾರು ಸಲ ಕಿಕ್ ಹೊಡೆದು ಸಿಲಿಂಡರನ್ನು ಒಣಗಿಸಿ, ಒಣಗಿದ ಬೇರೆ ಪ್ಲಗ್ ಹಾಕಿ ಒಮ್ಮೆ ನೋಡುವುದು ಸರಿಯಾದ ಕ್ರಮ. ಮನೆಯಲ್ಲಿ ಒಂದು ಹೊಸ ಪ್ಲಗ್ ಇಟ್ಟಿರುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷಾ ಸಾಧನ.

ಪ್ಲಗ್ಗಿನ ಬಣ್ಣವೂ ಮಾತಾಡುತ್ತದೆ. ಕಾಫಿಪುಡಿಯ ಬಣ್ಣ ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಪೆಟ್ರೋಲು ಹೆಚ್ಚಾದುದರ ಗುರುತು. ಜಿಡ್ಡಿನ ಕಪ್ಪು ಇದ್ದರೆ ಟೂ ಸ್ಟ್ರೋಕ್ ಗಾಡಿಯಲ್ಲಿ ಎಣ್ಣೆ ಹೆಚ್ಚು ಬೆರೆತಿದೆ, ಇಲ್ಲವೇ ಕಿಡಿ ದುರ್ಬಲವಾಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ ಅತಿಯಾಗಿ ಕಾಯುತ್ತಿದೆ.

ಈಗಿನ ಪೆಟ್ರೋಲಿನ ಬಗೆಗೂ ಒಂದು ಮಾತು ಹೇಳಬೇಕು. ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಈಗ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ಕಾರ್ಬುರೇಟರಿಗೆ ಇಳಿಯಬಹುದು. ಪ್ಲಗ್ಗಿನ ತುದಿಯಲ್ಲಿ ಒಂದು ಹನಿ ನೀರು ನಿಂತರೂ ಸಾಕು, ಕಿಡಿ ಸಾಯುತ್ತದೆ. ಬಹಳ ದಿನ ನಿಂತ ಗಾಡಿಯಾದರೆ ಕಾರ್ಬುರೇಟರಿನ ಕೆಳಬಟ್ಟಲಿನ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿ, ತಳದಲ್ಲಿ ಬೇರೆ ಪದರ ಕಾಣುವುದೇ ಎಂದು ನೋಡಿ.

ಕಿಡಿಯ ಪರೀಕ್ಷೆ

ಪೆಟ್ರೋಲ್ ಕಾಕ್ ಮುಚ್ಚಿರಲಿ. ಚೆಲ್ಲಿದ ಪೆಟ್ರೋಲನ್ನು ಒರೆಸಿ, ಬೀಡಿ ಸೇದುವವರನ್ನು ದೂರ ಕಳಿಸಿ, ಗಾಡಿಯನ್ನು ಹುಲ್ಲಿನ ಬಣವೆಯ ಹತ್ತಿರದಿಂದ ಬಯಲಿನ ನೆರಳಿಗೆ ತಂದು ನಿಲ್ಲಿಸಿ. ಪ್ಲಗ್ಗನ್ನು ಅದರ ಕ್ಯಾಪಿಗೆ ಸೇರಿಸಿ, ಪ್ಲಗ್ಗಿನ ಲೋಹದ ಮೈ ಸಿಲಿಂಡರಿನ ರೆಕ್ಕೆಗಳಿಗೆ ಚೆನ್ನಾಗಿ ತಾಗುವಂತೆ ಒತ್ತಿಡಿ. ಪ್ಲಗ್ಗಿನ ರಂಧ್ರದಿಂದ ಅದು ದೂರವಿರಬೇಕು. ರಂಧ್ರದಿಂದ ಹೊರಬರುವ ಪೆಟ್ರೋಲಿನ ಆವಿಗೆ ಕಿಡಿ ತಾಗಿದರೆ ಅಪಾಯ. ಕೀಲಿ ಹಾಕಿ ಕಿಕ್ ಹೊಡೆದಾಗ ನೀಲಿ ಬಣ್ಣದ ದಪ್ಪ ಕಿಡಿ 'ಚಟ್' ಎಂಬ ಸದ್ದಿನೊಂದಿಗೆ ಹಾರಬೇಕು. ಕೆಂಪಗೆ, ತೆಳ್ಳಗೆ, ಸದ್ದಿಲ್ಲದೆ ಹಾರುವ ಕಿಡಿಯಿಂದ ಉಪಯೋಗವಿಲ್ಲ.

ಹೊರಗೆ ಕಿಡಿ ಕಂಡ ಮಾತ್ರಕ್ಕೆ ಎಲ್ಲ ಸರಿ ಎನ್ನಲಾಗದು. ಸಿಲಿಂಡರಿನೊಳಗೆ ಒತ್ತಡಕ್ಕೆ ಸಿಕ್ಕಿದ ಗಾಳಿಯಲ್ಲಿ ಕಿಡಿ ಹಾರಲು ಬಯಲಿಗಿಂತ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಆದುದರಿಂದ ಇನ್ನೊಂದು ಪರೀಕ್ಷೆ ಅವಶ್ಯಕ. ಕ್ಯಾಪನ್ನು ತೆಗೆದು, ದಪ್ಪ ತಂತಿಯ ತುದಿಯನ್ನು ಎಂಜಿನ್ನಿನ ಲೋಹದಿಂದ 5-6 ಮಿ.ಮೀ. ದೂರದಲ್ಲಿ, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು ಕಿಕ್ ಹೊಡೆಸಿರಿ. ಇಷ್ಟು ಅಂತರವನ್ನು ಕಿಡಿ ದಾಟಿದರೆ ಕಾಯಿಲ್, ಕಂಡೆನ್ಸರ್, ಪಾಯಿಂಟು ಎಲ್ಲವೂ ಸರಿಯಿವೆ. ದೋಷ ಪ್ಲಗ್ಗಿನಲ್ಲಿ ಅಥವಾ ಕ್ಯಾಪಿನಲ್ಲಿದೆ. ಕ್ಯಾಪಿನೊಳಗಿನ ರೆಸಿಸ್ಟರ್ ಮುರಿದು ಹೋಗಿರುವುದು ಅಪರೂಪವಲ್ಲ, ಹೊರಗಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ಕಿಡಿ ಹಾರಲು ದಾರಿಯೇ ಇಲ್ಲದಂತೆ ತಂತಿಯನ್ನು ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆಯಬಾರದು. ಹೊರಗೆ ದಾರಿ ಸಿಗದ ವೋಲ್ಟೇಜ್ ಕಾಯಿಲ್ಲಿನ ಒಳ ಹೊದಿಕೆಯನ್ನೇ ತೂತು ಮಾಡುತ್ತದೆ.

ಬಲ್ಬಿನಿಂದ ದೋಷದ ಸ್ಥಳ ಹುಡುಕುವುದು

ಕಿಡಿಯೇ ಬರದಿದ್ದರೆ ಪಾರ್ಕಿಂಗ್ ದೀಪದ 6 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ತಂತಿ ಬೆಸೆದುಕೊಳ್ಳಿ. ಹೆಡ್‌ಲೈಟಿನ ದೊಡ್ಡ ಬಲ್ಬು ಬೇಡ. ಒಂದು ತಂತಿಯನ್ನು ಎಂಜಿನ್ನಿನ ಬಣ್ಣವಿಲ್ಲದ, ಶುಚಿಯಾದ ಲೋಹಕ್ಕೆ ಕಟ್ಟಿ, ಇನ್ನೊಂದರಿಂದ ಒಂದೊಂದೇ ಜಾಗವನ್ನು ಮುಟ್ಟುತ್ತ ಹೋಗಬೇಕು. ಕಾಲುವೆಯಲ್ಲಿ ಬಿಟ್ಟ ನೀರು ಕೊನೆಯ ಗದ್ದೆಗೆ ಬರದಿದ್ದರೆ ತೂಬಿನಿಂದ ಹಿಡಿದು ಒಂದೊಂದೇ ಮಡೆ ನೋಡುತ್ತ ಹೋಗುವುದಿಲ್ಲವೇ, ಹಾಗೆ.

ಮೊದಲು ಬ್ಯಾಟರಿಯ ಅರ್ತ್ ಅಲ್ಲದ ಧ್ರುವ. ಬಲ್ಬು ಪ್ರಕಾಶವಾಗಿ ಉರಿಯಬೇಕು. ಉರಿಯದಿದ್ದರೆ ಬಲ್ಬನ್ನು ಬ್ಯಾಟರಿಯ ಎರಡು ಧ್ರುವಗಳಿಗೇ ನೇರವಾಗಿ ಹಿಡಿಯಿರಿ. ಹೀಗೆ ಹಿಡಿದಾಗ ಉರಿದು, ಎಂಜಿನ್ನಿಗೆ ಅರ್ತ್ ಮಾಡಿದಾಗ ಉರಿಯದಿದ್ದರೆ ದೋಷ ಬ್ಯಾಟರಿಯದಲ್ಲ, ಅದನ್ನು ಗಾಡಿಯ ಮೈಗೆ ಜೋಡಿಸುವ ಅರ್ತ್ ತಂತಿಯದು. ಕ್ಷೇತ್ರೋತ್ಸವವೊಂದಕ್ಕೆ ಯೆಜ್ಡಿಯನ್ನು ಟ್ರಾಕ್ಟರಿನ ಟ್ರೈಲರಿನಲ್ಲಿ ಹಾಕಿಕೊಂಡು ಬಂದಿದ್ದ ರೈತರೊಬ್ಬರು, "ಸಾರ್, ಎರಡು ಕಾಯಿಲ್ ಹಾಕ್ಸಿದ್ದೀನಿ, ಇನ್ನೇನು ಮಾಡ್ಲಿ ಹೇಳಿ" ಎಂದಿದ್ದರು. ಗಾಡಿಗೆ ಹೊಸ ಬಣ್ಣ ಹೊಡೆಸಿದ ಮೇಲೆ ಈ ತೊಂದರೆ ಶುರುವಾಗಿತ್ತು. ಅರ್ತ್ ತಂತಿಯ ಬೋಲ್ಟಿನ ಕೆಳಗೆ ಬಣ್ಣ ಕುಳಿತಿತ್ತು, ಅಷ್ಟೇ. ಉಪ್ಪುಕಾಗದದಿಂದ ಉಜ್ಜಿ ಬಿಗಿದಾಗ ಮೂರನೆಯ ಕಿಕ್ಕಿಗೆ ಎಂಜಿನ್ ಎದ್ದಿತು.

ಬ್ಯಾಟರಿಯೇ ಸೊರಗಿದೆಯೇ ಎಂದು ತಿಳಿಯಲು ಹಾರನ್ ಒತ್ತಿದರೂ ಸಾಕು. ಧ್ವನಿ ಕುಗ್ಗಿದ್ದರೆ, ಹೆಡ್‌ಲೈಟ್ ಕೆಂಪಗೆ ಉರಿದರೆ ಬ್ಯಾಟರಿ ಇಳಿದಿದೆ. ಮೀಟರಿದ್ದರೆ, ಪೂರ್ತಿ ಚಾರ್ಜಾದ 6 ವೋಲ್ಟಿನ ಬ್ಯಾಟರಿ 6.3 ವೋಲ್ಟಿಗಿಂತ ಸ್ವಲ್ಪ ಹೆಚ್ಚೇ ತೋರಿಸಬೇಕು. 6ಕ್ಕಿಂತ ಕೆಳಗಿದ್ದರೆ ಅದು ಬಹುಮಟ್ಟಿಗೆ ಬರಿದಾಗಿದೆ.

ನಂತರ ಫ್ಯೂಸಿನ ಆಚೆ ತುದಿ. ಫ್ಯೂಸ್ ಹೋಗಿದ್ದರೆ ಸರಿಯಾದ ಅಳತೆಯ ಫ್ಯೂಸನ್ನೇ ಹಾಕಬೇಕು. ಸಿಗರೇಟಿನ ಡಬ್ಬಿಯ ಬೇಗಡೆ ಕಾಗದ, ತಾಮ್ರದ ತಂತಿ ಸುತ್ತುವ ಅಭ್ಯಾಸ ಬಹಳ ಕಡೆ ಇದೆ. ಇದರಿಂದ ತಂತಿಯ ಕಟ್ಟೇ ಹತ್ತಿ ಉರಿಯಬಹುದು. ಕೊಟ್ಟಿಗೆಯಲ್ಲಿ ದನ, ಮೇವು, ಗಾಡಿ ಒಂದೇ ಮಾಡಿನ ಕೆಳಗಿರುವ ಮನೆಗಳಲ್ಲಿ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಕಾಯಿಲ್ಲಿಗೆ ವಿದ್ಯುತ್ತು ಬರುವ ತಿರುಪು. ಕೆಲವು ಕಾಯಿಲ್ಲುಗಳ ಮೇಲೆ ಇದಕ್ಕೆ 15 ಎಂಬ ಅಂಕಿಯೂ, ಪಾಯಿಂಟಿನ ಕಡೆಗೆ ಹೋಗುವ ತಿರುಪಿಗೆ 1 ಎಂಬ ಅಂಕಿಯೂ ಇರುತ್ತವೆ. ಬುಲೆಟ್ಟಿನ ಹಳೆಯ ಕಾಯಿಲ್ಲುಗಳಲ್ಲಿ ಎಸ್.ಡಬ್ಲ್ಯು., ಸಿ.ಬಿ. ಎಂಬ ಗುರುತುಗಳಿರುತ್ತವೆ. ಕೀಲಿ ಹಾಕಿ ಮೊದಲ ತಿರುಪನ್ನು ಮುಟ್ಟಿದಾಗ ಬಲ್ಬು ಉರಿಯದಿದ್ದರೆ ದೋಷ ಸ್ವಿಚ್ಚಿನಲ್ಲಿ ಅಥವಾ ಅಲ್ಲಿಂದ ಬರುವ ತಂತಿಯಲ್ಲಿದೆ. ಕೀಲಿ ಅಲುಗಾಡಿಸಿದಾಗ ಬಲ್ಬು ಮಿನುಗಿದರೆ ಸ್ವಿಚ್ಚಿನೊಳಗಿನ ತಗಡುಗಳು ಸವೆದಿವೆ ಎಂದೇ ಅರ್ಥ.

ಈಗ ಮುಖ್ಯವಾದ ಪರೀಕ್ಷೆ. ಬಲ್ಬಿನ ತಂತಿಯನ್ನು ಕಾಯಿಲ್ಲಿನಿಂದ ಪಾಯಿಂಟಿಗೆ ಹೋಗುವ ತಿರುಪಿಗೆ ಸಿಕ್ಕಿಸಿ. ಪಾಯಿಂಟುಗಳ ಮುಚ್ಚಳ ತೆಗೆದು (ಜಾವಾ, ಯೆಜ್ಡಿಗಳಲ್ಲಿ ಇದು ಎಂಜಿನ್ನಿನ ಬಲಗಡೆ, ಡೈನಮೋ ಇರುವ ಜಾಗ) ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ. ಪಾಯಿಂಟುಗಳು ಬಿಟ್ಟಾಗ ಬಲ್ಬು ಉರಿಯಬೇಕು, ಕೂಡಿದಾಗ ಪೂರ್ತಿ ಆರಬೇಕು. ಹೀಗಾದರೆ ಬ್ಯಾಟರಿಯಿಂದ ಪಾಯಿಂಟಿನವರೆಗಿನ ದಾರಿ ಸರಿಯಿದೆ.

ಕೂಡಿದಾಗಲೂ ಬಲ್ಬು ಆರದೆ ಉರಿಯುತ್ತಿದ್ದರೆ, ಅಥವಾ ಮಂಕಾಗಿ ಮಿಣುಕುತ್ತಿದ್ದರೆ, ಪಾಯಿಂಟಿನ ಮುಖ ಸುಟ್ಟಿದೆ ಇಲ್ಲವೇ ಅದಕ್ಕೆ ಎಣ್ಣೆ, ಧೂಳು ಹಿಡಿದಿದೆ. ಪಾಯಿಂಟಿಗೆ ಬರುವ ತಂತಿ ತುಂಡಾಗಿದ್ದರೂ ಹೀಗೆಯೇ ಆಗುತ್ತದೆ.

ಬಿಟ್ಟಾಗಲೂ ಬಲ್ಬು ಉರಿಯದಿದ್ದರೆ ಎರಡು ಸಾಧ್ಯತೆಗಳಿವೆ. ಕಾಯಿಲ್ಲಿನ ದಪ್ಪ ಸುರುಳಿ ಒಳಗೇ ತುಂಡಾಗಿರಬಹುದು, ಇಲ್ಲವೇ ಪಾಯಿಂಟಿನ ಕಡೆ ಎಲ್ಲೋ ವಿದ್ಯುತ್ತು ಕಳ್ಳದಾರಿ ಹಿಡಿದು ಅರ್ತ್ ಆಗುತ್ತಿರಬಹುದು. ಇದನ್ನು ಬಿಡಿಸಿ ನೋಡುವುದು ಸುಲಭ. ಪಾಯಿಂಟಿಗೆ ಹೋಗುವ ತಂತಿಯನ್ನು ಕಾಯಿಲ್ಲಿನಿಂದ ಬಿಚ್ಚಿ, ಬಲ್ಬನ್ನು ಮತ್ತೆ ಅದೇ ತಿರುಪಿಗೆ ಮುಟ್ಟಿಸಿ. ಈಗಲೂ ಉರಿಯದಿದ್ದರೆ ಕಾಯಿಲ್ ಹೋಗಿದೆ. ಉರಿದರೆ ಕಾಯಿಲ್ ಸರಿಯಾಗಿದೆ, ಕಳ್ಳದಾರಿ ಕೆಳಗಿದೆ. ಆಗ ತಂತಿಯನ್ನು ಮತ್ತೆ ಜೋಡಿಸಿ ಕಂಡೆನ್ಸರನ್ನು ಮಾತ್ರ ಬಿಡಿಸಿ ನೋಡಿ. ಬಲ್ಬು ಹತ್ತಿಕೊಂಡರೆ ಕಂಡೆನ್ಸರ್ ಒಳಗೆ ಕೂಡಿಹೋಗಿದೆ. ಇಲ್ಲದಿದ್ದರೆ ಪಾಯಿಂಟಿನ ಕೆಳಗಿನ ನಾರಿನ ವಾಷರ್ ಮುರಿದಿರಬಹುದು, ಅಥವಾ ತಂತಿಯ ಹೊದಿಕೆ ಸವೆದು ಎಂಜಿನ್ನಿಗೆ ತಾಗುತ್ತಿರಬಹುದು.

ಈ ಪರೀಕ್ಷೆಗಳ ನಡುವೆ ಕೀಲಿಯನ್ನು ಹಾಕಿಯೇ ಬಿಟ್ಟು ಎಲೆಅಡಿಕೆ ಹಾಕಲು ಹೋಗಬೇಡಿ. ಪಾಯಿಂಟುಗಳು ಕೂಡಿದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ ಕಾಯಿಲ್ಲಿನಲ್ಲಿ ವಿದ್ಯುತ್ತು ಹರಿಯುತ್ತಲೇ ಇದ್ದು ಕಾಯಿಲ್ ಕಾದು ಕೆಡುತ್ತದೆ, ಕೆಲವೇ ಗಂಟೆಗಳಲ್ಲಿ ಬ್ಯಾಟರಿಯೂ ಬರಿದಾಗುತ್ತದೆ.

ಬಲ್ಬಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯೆಂದು ಕಂಡರೂ ಕಿಡಿ ಇಲ್ಲವೆಂದರೆ ಉಳಿಯುವುದು ಕಂಡೆನ್ಸರ್, ಕಾಯಿಲ್ಲಿನ ಸಣ್ಣ ತಂತಿಯ ಸುರುಳಿ ಮತ್ತು ಪ್ಲಗ್ಗಿನ ದಪ್ಪ ತಂತಿ. ಕೀಲಿ ಹಾಕಿ, ಪಾಯಿಂಟು ಕೂಡಿರುವಾಗ ಒಣ ಮರದ ಕಡ್ಡಿಯಿಂದ ಅದನ್ನು ತಟಕ್ಕನೆ ಬಿಡಿಸಿ. ಪ್ರತಿ ಸಲವೂ ಪ್ಲಗ್ಗಿನಲ್ಲಿ ಕಿಡಿ ಬರಬೇಕು. ಪ್ಲಗ್ಗಿನಲ್ಲಿ ಬಾರದೆ ಪಾಯಿಂಟಿನ ನಡುವೆಯೇ ದಪ್ಪ ನೀಲಿ ಕಿಡಿ ಬಂದರೆ ಕಂಡೆನ್ಸರನ್ನು ಮೊದಲು ಬದಲಾಯಿಸಿ ನೋಡಬೇಕು.

ಬುಲೆಟ್ ಇರುವವರಿಗೆ ಬಲ್ಬಿನ ಕೆಲಸವನ್ನು ಹೆಡ್‌ಲೈಟಿನ ಮೇಲಿರುವ ಆಮೀಟರೇ ಅರ್ಧ ಮಾಡಿಕೊಡುತ್ತದೆ. ಕೀಲಿ ಹಾಕಿ ಕಿಕ್ಕರನ್ನು ನಿಧಾನವಾಗಿ ಒತ್ತುತ್ತ ಹೋದರೆ ಪಾಯಿಂಟು ಕೂಡಿದಾಗ ಮುಳ್ಳು ಎಡಕ್ಕೆ ವಾಲಬೇಕು, ಬಿಟ್ಟಾಗ ನಡುವಿಗೆ ಮರಳಬೇಕು. ಮುಳ್ಳು ಅಲುಗಾಡದೆ ನಡುವೆಯೇ ನಿಂತಿದ್ದರೆ ವಿದ್ಯುತ್ತು ಹರಿಯುತ್ತಿಲ್ಲ. ಎಡಕ್ಕೆ ವಾಲಿ ಅಲ್ಲಿಯೇ ನಿಂತರೆ ಪಾಯಿಂಟು ಬಿಡುತ್ತಿಲ್ಲ ಅಥವಾ ಎಲ್ಲೋ ಅರ್ತ್ ಆಗಿದೆ.

ಪಾಯಿಂಟುಗಳ ಆರೈಕೆ

ಪಾಯಿಂಟುಗಳು ಪೂರ್ತಿ ಬಿಟ್ಟಿರುವಾಗ ಅವುಗಳ ನಡುವಿನ ಅಂತರ 0.35ರಿಂದ 0.40 ಮಿ.ಮೀ. ಇರಬೇಕು. ಇದನ್ನು ಫೀಲರ್ ಗೇಜಿನಿಂದಲೇ ಅಳೆಯಬೇಕು. ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಅಳೆಯುವವರನ್ನು ನೋಡಿದ್ದೇನೆ. ಆ ಬ್ಲೇಡು ಸುಮಾರು 0.6 ಮಿ.ಮೀ. ದಪ್ಪವಿರುತ್ತದೆ, ಯೆಜ್ಡಿಯ ಪ್ಲಗ್ಗಿನ ಅಂತರಕ್ಕೆ ಅದರ ಹಲ್ಲಿಲ್ಲದ ಅಂಚು ಸರಿಹೋದೀತು, ಪಾಯಿಂಟಿಗೆ ಸರ್ವಥಾ ಸಲ್ಲದು.

ಕ್ಯಾಮಿನ ಮೇಲೆ ಉಜ್ಜುವ ಪಾಯಿಂಟಿನ ಹಿಮ್ಮಡಿ ದಿನಕಳೆದಂತೆ ಸವೆಯುತ್ತದೆ. ಹಿಮ್ಮಡಿ ಸವೆದಷ್ಟೂ ಅಂತರ ಕಿರಿದಾಗುತ್ತದೆ, ಪಾಯಿಂಟು ತಡವಾಗಿ ಬಿಡುತ್ತದೆ, ಕಿಡಿಯೂ ತಡವಾಗುತ್ತದೆ. ಗಾಡಿ ಎಳೆತ ಕಳೆದುಕೊಂಡು, ಎರಡು ಕ್ಯಾನು ಹಾಲಿಗೇ ಏದುಸಿರು ಬಿಡುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ. ಹಿಮ್ಮಡಿಗೆ ಎಣ್ಣೆ ಕೊಡುವ ಫೆಲ್ಟಿಗೆ ಆಗಾಗ ಒಂದೇ ಒಂದು ಹನಿ ಎಣ್ಣೆ ಸಾಕು. ಹೆಚ್ಚಾದರೆ ಅದು ಪಾಯಿಂಟಿನ ಮುಖಕ್ಕೇ ಸಿಡಿಯುತ್ತದೆ.

ಮುಖ ಸ್ವಲ್ಪ ಸುಟ್ಟಿದ್ದರೆ ಸಣ್ಣ ಹಲ್ಲಿನ ತೆಳು ಅರದಿಂದ ಎರಡು ಸಲ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕೊನೆಗೆ ಶುಚಿಯಾದ ದಪ್ಪ ಕಾಗದವನ್ನು ನಡುವೆ ಎಳೆಯಬೇಕು. ಉಪ್ಪುಕಾಗದ ಬೇಡ. ಅದರ ಮರಳು ಲೋಹದಲ್ಲಿ ನಾಟಿಕೊಳ್ಳುತ್ತದೆ. ಒಂದು ಮುಖದಲ್ಲಿ ಗುಳಿಯೂ ಇನ್ನೊಂದರಲ್ಲಿ ಗುಡ್ಡೆಯೂ ಬೆಳೆದಿದ್ದರೆ ಹೊಸ ಪಾಯಿಂಟ್ ಹಾಕುವುದೇ ಲೇಸು. ಪಾಯಿಂಟಿನ ತಟ್ಟೆಯನ್ನು ಸಡಿಲಿಸುವ ಮುನ್ನ ಅದು ಇದ್ದ ಜಾಗಕ್ಕೆ ಮೊಳೆಯಿಂದ ಒಂದು ಗೀರು ಗುರುತು ಹಾಕಿಕೊಳ್ಳಿ. ಅಂತರ ಸರಿಪಡಿಸಿದ ಮೇಲೆಯೇ ಟೈಮಿಂಗ್ ನೋಡಬೇಕು, ಏಕೆಂದರೆ ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಟೈಮಿಂಗ್ ಕೂಡಿಸುವ ಕೆಲಸವನ್ನು ಅಳತೆಯ ಸಾಧನವಿರುವ ಮೆಕ್ಯಾನಿಕ್ಕಿಗೆ ಬಿಡುವುದು ಒಳ್ಳೆಯದು.

ಬಿಸಿಯಾದಾಗ ನಿಲ್ಲುವ ಗಾಡಿ

ಎಲ್ಲಕ್ಕಿಂತ ಹೆಚ್ಚು ಹಣ ತಿನ್ನುವ ದೋಷ ಇದು. ಬೆಳಗ್ಗೆ ಒಂದೇ ಕಿಕ್ಕಿಗೆ ಚಾಲೂ ಆದ ಗಾಡಿ ಹತ್ತು ಹದಿನೈದು ಕಿಲೋಮೀಟರ್ ಹೋಗಿ ತಾನಾಗಿ ನಿಲ್ಲುತ್ತದೆ. ಅರ್ಧ ಗಂಟೆ ಮರದ ಕೆಳಗೆ ಕುಳಿತರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತದೆ.

ಇದಕ್ಕೆ ಮೂರು ಕಾರಣಗಳನ್ನು ಮುಖ್ಯವಾಗಿ ಗಮನಿಸಬೇಕು. ಕಂಡೆನ್ಸರಿನ ಒಳಗಿನ ಪದರಗಳು ಹಳತಾಗಿ, ಕಾದಾಗ ವಿದ್ಯುತ್ತನ್ನು ಸೋರಲು ಬಿಡುತ್ತವೆ. ಎಂಜಿನ್ನಿನ ಬಿಸಿಗೆ ಹತ್ತಿರವೇ ಕುಳಿತಿರುವ ಕಂಡೆನ್ಸರಿಗೆ ಈ ಗತಿ ಬೇಗ ಬರುತ್ತದೆ. ಎರಡನೆಯದಾಗಿ ಕಾಯಿಲ್ಲಿನ ಸಣ್ಣ ತಂತಿಯ ಹೊದಿಕೆ ಎಲ್ಲಾದರೂ ಬಿರಿದಿದ್ದರೆ, ಕಾದು ಹಿಗ್ಗಿದಾಗ ಕಿಡಿ ಒಳಗೇ ಹಾರಿ ಹೋಗುತ್ತದೆ. ಇವೆರಡೂ ತಣ್ಣಗಿರುವಾಗ ಮೀಟರಿನಲ್ಲಿ ಸರಿಯಾಗಿಯೇ ಕಾಣಬಹುದು. ಕಾಯಿಲ್ಲಿನ ದಪ್ಪ ಸುರುಳಿ ಒಂದೆರಡು ಓಮ್, ಸಣ್ಣ ಸುರುಳಿ ಹಲವು ಸಾವಿರ ಓಮ್ ತೋರಿಸಿತೆಂದು ಅದನ್ನು ನಿರ್ದೋಷಿ ಎನ್ನುವಂತಿಲ್ಲ.

ಮೂರನೆಯ ಕಾರಣಕ್ಕೂ ಕಿಡಿಗೂ ಸಂಬಂಧವೇ ಇಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಮೊನೆಯಷ್ಟು ತೂತಿದೆ. ಅದು ಧೂಳಿನಿಂದ ಕಟ್ಟಿಕೊಂಡರೆ ಪೆಟ್ರೋಲು ಇಳಿದಂತೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಹರಿವು ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ಗಾಳಿ ಹೇಗೋ ನುಸುಳಿ, ಪೆಟ್ರೋಲು ಮತ್ತೆ ಇಳಿಯುತ್ತದೆ. ಹೊರಗಿನ ಲಕ್ಷಣ ಕಾಯಿಲ್ ಕೆಟ್ಟ ಗಾಡಿಯದೇ. ಈ ತೂತನ್ನು ನೋಡದೆ ಕಾಯಿಲ್ ಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಹಳೆಯ ಗಾಡಿಗಳ ವಿಷಯದಲ್ಲಿ ಆಗುವ ಅತ್ಯಂತ ಅನವಶ್ಯಕ ಖರ್ಚು.

ಇವುಗಳನ್ನು ಬೇರ್ಪಡಿಸಲು ಗಾಡಿ ನಿಂತ ಜಾಗದಲ್ಲಿಯೇ, ನಿಂತ ಕ್ಷಣದಲ್ಲಿಯೇ ಪರೀಕ್ಷೆ ಮಾಡಬೇಕು. ತಣ್ಣಗಾಗಲು ಬಿಟ್ಟರೆ ಸಾಕ್ಷಿ ಹೋಯಿತು. ಇಳಿದೊಡನೆ ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿ. 'ಸುಂಯ್' ಎಂದು ಗಾಳಿ ಒಳಸೇರುವ ಸದ್ದಾಗಿ, ಸ್ವಲ್ಪ ಹೊತ್ತಿಗೆ ಗಾಡಿ ಚಾಲೂ ಆದರೆ ತೊಂದರೆ ಆ ತೂತಿನದು. ಇಲ್ಲವಾದರೆ ಮುಚ್ಚಳ ಹಾಕಿ, ಕಾಕ್ ಮುಚ್ಚಿ, ಎಂಜಿನ್ ಬಿಸಿಯಾಗಿರುವಾಗಲೇ ಕಿಡಿ ನೋಡಿ. ಕಿಡಿ ದುರ್ಬಲವಾಗಿದ್ದರೆ ಹಳೆಯ ಕಂಡೆನ್ಸರಿನ ತಂತಿ ಬಿಡಿಸಿ, ಜೇಬಿನಲ್ಲಿ ತಂದ ಹೊಸ ಕಂಡೆನ್ಸರಿನ ತಂತಿಯನ್ನು ಪಾಯಿಂಟಿಗೂ ಅದರ ಮೈಯನ್ನು ಎಂಜಿನ್ನಿನ ಲೋಹಕ್ಕೂ ತಾತ್ಕಾಲಿಕವಾಗಿ ಕಟ್ಟಿ. ಕಿಡಿ ಮರಳಿದರೆ ಉತ್ತರ ಸಿಕ್ಕಿತು. ಮರಳದಿದ್ದರೆ ಆಗ, ಮತ್ತು ಆಗ ಮಾತ್ರ, ಕಾಯಿಲ್ ಬದಲಾಯಿಸಬಹುದು. ಅಂಗಡಿಯಲ್ಲಿ ವರ್ಷಗಟ್ಟಲೆ ಡಬ್ಬಿಯಲ್ಲಿ ಕುಳಿತಿದ್ದ ಕಂಡೆನ್ಸರ್ ಹೊಸದಾಗಿ ಕಂಡರೂ ಒಳಗೆ ಹಳತಾಗಿರಬಹುದೆಂಬುದು ನೆನಪಿರಲಿ.

ಗೊಬ್ಬರ, ಇಲಿ ಮತ್ತು ಮಳೆ

ರೈತರ ಗಾಡಿಗೆ ಪೇಟೆಯವರ ಗಾಡಿಗಿಲ್ಲದ ಕೆಲವು ಕಾಯಿಲೆಗಳಿವೆ. ಗೊಬ್ಬರದ ಚೀಲಗಳಿರುವ ಕೋಣೆಯಲ್ಲಿಯೇ ಗಾಡಿ ನಿಲ್ಲಿಸುವ ಪದ್ಧತಿ ಇವುಗಳಲ್ಲಿ ಮೊದಲನೆಯದು. ಗಾಳಿಯ ಆರ್ದ್ರತೆ ಶೇಕಡ 70-75ನ್ನು ದಾಟಿದರೆ ಯೂರಿಯಾ ತೇವ ಹೀರಿ ನೀರೊಡೆಯಲು ಆರಂಭಿಸುತ್ತದೆ. ಮುಂಗಾರಿನಲ್ಲಿ ಇಷ್ಟು ಆರ್ದ್ರತೆ ದಿನವಹಿ ಇರುತ್ತದೆ. ಯೂರಿಯಾದಿಂದಲೂ ಅಮೋನಿಯಂ ಗೊಬ್ಬರಗಳಿಂದಲೂ, ಮುಖ್ಯವಾಗಿ ಪಕ್ಕದಲ್ಲಿರುವ ದನದ ಗಂಜಲದಿಂದಲೂ ಬಿಡುಗಡೆಯಾಗುವ ಅಮೋನಿಯ ಅನಿಲ ತಾಮ್ರ ಮತ್ತು ಹಿತ್ತಾಳೆಯನ್ನು ತಿನ್ನುತ್ತದೆ. ಪೊಟ್ಯಾಷ್ ಗೊಬ್ಬರದ ಕ್ಲೋರೈಡ್ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಗಾಡಿಯ ತಂತಿಗಳ ಕೊನೆಗಳೆಲ್ಲ ಹಿತ್ತಾಳೆಯವು. ಅವುಗಳ ಮೇಲೆ ಹಸಿರು ಅಥವಾ ನೀಲಿ ಬೂಷ್ಟಿನಂಥ ಪದರ ಕಂಡರೆ ಇದೇ ಕಾರಣ. 6 ವೋಲ್ಟಿನ ವ್ಯವಸ್ಥೆಯಲ್ಲಿ ಅರ್ಧ ವೋಲ್ಟ್ ಇಂತಹ ಪದರದಲ್ಲಿ ಕಳೆದುಹೋದರೂ ಕಿಡಿ ಸೊರಗುತ್ತದೆ. ಕೊನೆಗಳನ್ನು ಬಿಚ್ಚಿ ಉಜ್ಜಿ, ಬಿಗಿದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಬೇಕು. ಬ್ಯಾಟರಿಯ ಧ್ರುವಗಳಿಗೂ ಇದೇ ಉಪಚಾರ.

ಇಲಿಗಳು ಸೀಟಿನ ಕೆಳಗಿನ ತಂತಿಯ ಕಟ್ಟನ್ನು ಕಡಿಯುತ್ತವೆ. ಕಾಳಿನ ಚೀಲದ ಪಕ್ಕದಲ್ಲಿ ನಿಂತ ಗಾಡಿಯಲ್ಲಿ ಕಾರಣವಿಲ್ಲದೆ ಫ್ಯೂಸ್ ಹೋಗುತ್ತಿದ್ದರೆ ಮೊದಲು ಸೀಟು ಎತ್ತಿ ನೋಡಿ. ಗಾಡಿಯನ್ನು ಕಾಲುವೆಗಿಳಿಸಿ ತೊಳೆದ ಮೇಲೆ ಚಾಲೂ ಆಗದಿದ್ದರೆ ಪಾಯಿಂಟಿನ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸಿ ಒಂದು ಗಂಟೆ ಬಿಸಿಲಿಗಿಡುವುದೇ ಸಾಕಾಗುತ್ತದೆ. ಮಳೆ ಬಂದಾಗ ಮಾತ್ರ ತೊಡಕು ಕೊಡುವ ಗಾಡಿಯನ್ನು ಕತ್ತಲಲ್ಲಿ ಚಾಲೂ ಮಾಡಿ, ಪ್ಲಗ್ಗಿನ ದಪ್ಪ ತಂತಿಯ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ತಂತಿಯ ಬಿರುಕುಗಳಿಂದ ನೀಲಿ ಕಿಡಿಗಳು ಚೌಕಟ್ಟಿಗೆ ಹಾರುವುದು ಕಣ್ಣಿಗೇ ಕಾಣುತ್ತದೆ. ಆಗ ಆ ತಂತಿಯನ್ನು ಕೈಯಿಂದ ಮುಟ್ಟಬಾರದು.

ಪೆಟ್ರೋಲಿನಿಂದ ನಡೆಯುವ ಹಳೆಯ ಪವರ್ ಸ್ಪ್ರೇಯರ್, ಸಣ್ಣ ಪಂಪುಗಳಲ್ಲಿ ಬ್ಯಾಟರಿ ಇರುವುದಿಲ್ಲ. ಚಕ್ರದಲ್ಲಿರುವ ಅಯಸ್ಕಾಂತವೇ ವಿದ್ಯುತ್ತನ್ನು ಉಂಟುಮಾಡುತ್ತದೆ. ಆದುದರಿಂದ ಬಲ್ಬಿನ ಪರೀಕ್ಷೆ ಇವಕ್ಕೆ ಬಾರದು. ಪ್ಲಗ್ಗು, ಪಾಯಿಂಟು, ಕಂಡೆನ್ಸರುಗಳ ಮಾತು ಮಾತ್ರ ಅನ್ವಯಿಸುತ್ತದೆ. ಇವುಗಳಲ್ಲಿ ಕಿಡಿ ಬಾರದಿದ್ದರೆ ಎಂಜಿನ್ ನಿಲ್ಲಿಸುವ ಗುಂಡಿಯಿಂದ ಬರುವ ತಂತಿಯನ್ನು ಮೊದಲು ಬಿಚ್ಚಿ ನೋಡಬೇಕು. ಆ ತಂತಿ ಎಲ್ಲಿಯಾದರೂ ಮೈಗೆ ತಾಗುತ್ತಿದ್ದರೆ ಗುಂಡಿ ಒತ್ತಿದಂತೆಯೇ ಆಗಿ ಕಿಡಿ ಸಾಯುತ್ತದೆ. ಕೀಟನಾಶಕ ಸಿಂಪಡಿಸಿದ ಯಂತ್ರವಾದರೆ ಹೊರಮೈಯನ್ನು ಸೋಪಿನ ನೀರಿನಿಂದ ಒರೆಸಿ ಒಣಗಿಸಿ, ಕೈಗವಸು ಹಾಕಿಕೊಂಡ ನಂತರವೇ ಸ್ಪ್ಯಾನರ್ ಹಿಡಿಯಬೇಕು.

ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿ ಬಿಡುವಿದ್ದಾಗ, ಪಾಯಿಂಟಿನ ಅಂತರ ನೋಡಿ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬಿಸಿ, ಅರ್ತ್ ಬೋಲ್ಟನ್ನು ಬಿಚ್ಚಿ ಉಜ್ಜಿ ಬಿಗಿಯಿರಿ. ಗಾಡಿಯ ಟೂಲ್ ಡಬ್ಬಿಯಲ್ಲಿ ಒಂದು ಪ್ಲಗ್, ಒಂದು ಕಂಡೆನ್ಸರ್, ಎರಡು ಫ್ಯೂಸ್, ತಂತಿ ಬೆಸೆದ ಬಲ್ಬು ಮತ್ತು ಫೀಲರ್ ಗೇಜ್ ಸದಾ ಇರಲಿ. ಇವನ್ನೆಲ್ಲ ತೇವ ತಾಗದಂತೆ, ಬೀಜದ ಪೊಟ್ಟಣದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಆಯಿತು.